ಅಡಿಗಲ್ಲು ತೂಗಿದ ನೂಲು

ಚಿಕ್ಕಸ್ವಾಮಿ ಅಕ್ಕಸಾಲಿ ಕೃಷ್ಣಮೂರ್ತಿ ಆಚಾರಿಯ ಅಂಗಡಿಯ ಮೆಟ್ಟಿಲು ಹತ್ತಿದಾಗ ಆಚಾರಿ ಮೊದಲು ನೋಡಿದ್ದು ಅವನ ಕೈಯನ್ನು. ಕೈಯಲ್ಲಿ ಬಟ್ಟೆಚೀಲವಿತ್ತು. ಚಿಕ್ಕಸ್ವಾಮಿಯ ಮಗ ರಘುನಂದನ್‌ಗೆ ಮದುವೆ ಗೊತ್ತಾಗಿ ತಿಂಗಳಾಗಿತ್ತು. ಆ ಮನೆಗೆ ಬಂದ ಮೂರು ತಲೆಮಾರಿನ ಸೊಸೆಯರ ತಾಳಿಯೂ ಪಾಂಡವಪುರದ ಈ ಪುಟ್ಟ ಅಂಗಡಿಯಲ್ಲೇ ಆಗಿದ್ದು. ಎಲೆ ಅಡಿಕೆ, ತೆಂಗಿನಕಾಯಿಯ ಜೊತೆ ಚಿನ್ನವನ್ನು ಅಕ್ಕಸಾಲಿಯ ಮುಂದಿಡುವುದು ಪದ್ಧತಿ. ಆ ಕಾಯಿಯ ದಾರಿ ನೋಡುತ್ತಾ ಆಚಾರಿ ದಿನಾ ಅಗ್ಗಿಷ್ಟಿಕೆ ಒರೆಸಿಡುತ್ತಿದ್ದ. ಈ ವರ್ಷ ಅವನ ಕೈಗೆ ಬರಬಹುದಾಗಿದ್ದ ತಾಳಿ ಅದೊಂದೇ.

ಚಿಕ್ಕಸ್ವಾಮಿ ಚೀಲ ಬಗ್ಗಿಸಿದ. ಮೀನು ಹಿಡಿಯುವ ನೂಲಿನ ಮೂರು ಸುರುಳಿಗಳು ಉರುಳಿ ಬಂದವು. ಒಂದು ಹಸಿರು, ಒಂದು ಬೂದು, ಒಂದು ಹಳದಿ.

“ನಮ್ ತೊಣ್ಣೂರು ಕೆರೇಲಿ ಒಂದು ಕೊರಮೀನೈತೆ ಕಣ್ಲಾ ಆಚಾರಿ, ಏನಿಲ್ಲ ಅಂದ್ರೂ ಐದು ಕೇಜಿ. ಎಲ್ಡು ಸಲ ದಾರ ಕಿತ್ಕೊಂಡು ಹೋಯ್ತು. ಅದ್ಕೇ ನೈಲಾನು ಬುಟ್ಟು ಈ ಹೆಣೆದಿರೋ ದಾರ ತರಿಸ್ದೆ. ಮೂರ್ರಾಗೆ ಯಾವ್ದು ಗಟ್ಟಿ, ಹೇಳ್ಬುಡು. ನಿನ್ನಂಥ ಕಣ್ಣು ಈ ಸೀಮೇಲಿ ಇನ್ಯಾರಿಗೈತೆ?”

“ಮೀನು ಮುಟ್ಟದೇ ಇರೋರ ಅಂಗಡಿಗೆ ಇದ್ನ ತಂದಿದ್ದೀಯಲ್ಲೋ, ನಿನ್ ಬುದ್ಧಿಗಿಷ್ಟು ಬೆಂಕಿ ಹಾಕ” ಎಂದು ಆಚಾರಿ ಬೈದ. ಏಳನೇ ಕ್ಲಾಸಿನವರೆಗೆ ಒಂದೇ ಬೆಂಚಿನಲ್ಲಿ ಕೂತವರು, ಬೈಗುಳಕ್ಕೆ ಬರವಿರಲಿಲ್ಲ. ಆಸೆ ಮಣ್ಣಾಗಿದ್ದರೂ ಕೈ ಸುಮ್ಮನಿರಲಿಲ್ಲ. ನಲವತ್ತು ವರ್ಷ ಚಿನ್ನದ ತಂತಿ ಹೆಣೆದು ಸರ ಮಾಡಿದ ಕೈ ಅದು, ಹೆಣೆದದ್ದು ಏನು ಕಂಡರೂ ಅದರ ಜಾತಕ ಕೇಳುತ್ತದೆ. ಹಸಿರು ನೂಲಿನ ತುದಿಯನ್ನು ಭೂತಗನ್ನಡಿಯ ಕೆಳಗೆ ಹಿಡಿದು ಸೂಜಿಮೊನೆಯಿಂದ ಬಿಡಿಸಿದ. ಆಮೇಲೆ ಒದ್ದೆ ಬಟ್ಟೆಯಲ್ಲಿ ಉಜ್ಜಿದ. ಬಟ್ಟೆಗೆ ಹಸಿರು ಹತ್ತಿತು.

“ಸುರುಳಿ ಚೀಟಿ ಮ್ಯಾಲೆ ಎಂಟೆಳೆ ಅಂತ ಬರೆದವ್ರೆ. ಒಳಗಿರೋದು ನಾಲ್ಕೇ. ಮ್ಯಾಲೆ ಮೇಣ ಬಳಿದು ನುಣುಪು ಮಾಡವ್ರೆ. ಮೂರ್ರಲ್ಲಿ ಇದೇ ದುಬಾರಿ ಅಲ್ವೇನ್ಲಾ?”

“ಊಂ ಕಣಪ್ಪ.”

“ಹಾಲು ಮಾರೋನು ನೀನು, ಬೆಳ್ಳಗಿರೋದೆಲ್ಲ ಹಾಲಲ್ಲ ಅಂತ ನಿಂಗೆ ನಾನು ಹೇಳ್ಬೇಕಾ?”

ತೂಕಕ್ಕೆ ಬೇರೇನೂ ಸಿಗಲಿಲ್ಲ. ಚಿನ್ನ ಬಡಿಯುವ ಕಬ್ಬಿಣದ ಅಡಿಗಲ್ಲನ್ನೇ ಆಚಾರಿ ಮರದ ದಿಮ್ಮಿಯಿಂದ ಕಿತ್ತು, ಕೆಳಗೆ ಗೋಣಿಚೀಲ ಹಾಸಿ, ತೊಲೆಯ ಕೊಂಡಿಗೆ ಹಸಿರು ನೂಲಿನಲ್ಲಿ ತೂಗಿಬಿಟ್ಟ. ಹತ್ತು ಎಣಿಸುವುದರೊಳಗೆ ನೂಲು ಪಟ್ಟೆಂದಿತು. ಬೂದು ನೂಲು ನಿಜವಾಗಿಯೂ ಎಂಟೆಳೆಯದು, ಅಡಿಗಲ್ಲನ್ನು ಹೊತ್ತಿತು. ಆದರೆ ನೆನೆಸಿ ಮೆಟ್ಟಿಲುಕಲ್ಲಿನ ಅಂಚಿಗೆ ಇಪ್ಪತ್ತು ಸಲ ಉಜ್ಜಿದಾಗ ಎಳೆ ಬಿಚ್ಚಿ ನವಿರೆದ್ದಿತು. ಹಳದಿಯದು ಅಗ್ಗದ ನಾಲ್ಕೆಳೆ, ಮುಟ್ಟಿದರೆ ಒರಟು, ಚೀಟಿಯ ಮೇಲೂ ನಾಲ್ಕು ಎಂದೇ ಬರೆದಿತ್ತು. ಅದು ಅಷ್ಟೇ ಸಲ ಉಜ್ಜಿದರೂ ನವಿರೇಳಲಿಲ್ಲ, ಆಮೇಲೆ ಅಡಿಗಲ್ಲನ್ನೂ ಹೊತ್ತು ನಿಂತಿತು.

“ಬಂಡೆ, ಜೊಂಡು ಇರೋ ಕಡೆ ಇದೇ ಸರಿ” ಎಂದ ಆಚಾರಿ. ಚಿಕ್ಕಸ್ವಾಮಿ ಹಸಿರು ಸುರುಳಿಯನ್ನು ಕಸದ ಬುಟ್ಟಿಗೆ ಎಸೆದ. ಎದ್ದು ಹೋಗಬೇಕಾದವನು ಮತ್ತೆ ಕೂತ. ಜೇಬಿನಿಂದ ಕೆಂಪು ಡಬ್ಬಿಯೊಂದನ್ನು ತೆಗೆದು ಆಚಾರಿಯ ಮುಂದಿಟ್ಟ. ಒಳಗೆ ಹೊಸ ತಾಳಿ ಇತ್ತು.

“ಹುಡುಗ್ರು ಕೇಳ್ನಿಲ್ಲ ಕಣ್ಲಾ, ಮೈಸೂರಿಗೋಗಿ ತಂದ್ಬುಟ್ರು. ಅಕ್ಕಸಾಲಿ ಅಕ್ಕನ ಚಿನ್ನಾನೂ ಬುಡಕ್ಕಿಲ್ಲ ಅಂತಾರಲ್ಲ, ದೊಡ್ಡಂಗಡೀಲಾದ್ರೆ ಚಿನ್ನದ್ ಮ್ಯಾಲೆ ಸರ್ಕಾರದ ಸೀಲು ಇರ್ತದೆ ಅಂತ ನಮ್ಮನೇವಳು ಮಾಯಮ್ಮನೂ…” ಮುಂದಿನದನ್ನು ನುಂಗಿಕೊಂಡ. “ಆದ್ರೂ ನಂಗೆ ಸಮಾಧಾನ ಇಲ್ಲ. ನೀನೊಂದ್ಸಲ ಒರೆ ಹಚ್ಚಿ ನೋಡು. ಒಂಚೂರು ಅನುಮಾನ ಅಂದ್ಯಾ, ನಾಳೀಕೇ ವಾಪ್ಸು ಕೊಟ್ಟು, ಕಾಯಿ ತಂದು ನಿನ್ ಮುಂದೆ ಇಕ್ತೀನಿ.”

ಆಚಾರಿ ಡಬ್ಬಿಯನ್ನು ಹತ್ತಿರಕ್ಕೆ ಎಳೆದುಕೊಂಡ. ತಾಳಿ ಮಾಡಲು ನಂಬಿಕೆಯಿಲ್ಲ, ಕಂಡವರು ಮಾಡಿದ್ದನ್ನು ನೋಡಿ ಹೇಳಲು ಮಾತ್ರ ನಂಬಿಕೆ! ಒರೆಗಲ್ಲಿನ ಮೇಲೆ ಗೀರಿದ, ಆಸಿಡ್ಡಿನ ಹನಿ ಬಿಟ್ಟ. ಗೀರು ಮಾಸಲಿಲ್ಲ. ಒಳ್ಳೆಯ ಚಿನ್ನ, ಒಳ್ಳೆಯ ಕೆಲಸ ಕೂಡ. ಕೆಲಸ ತನ್ನ ಕೈಗೆ ಬರಲು ಸುಳ್ಳು ಹೇಳುವ ಅಗತ್ಯವೂ ಇರಲಿಲ್ಲ. ಸುಮ್ಮನೆ ತುಟಿ ಚಾಚಿ ಒಂದು ಸಲ “ಉಂ…” ಎಂದಿದ್ದರೆ ಸಾಕಿತ್ತು. ಚಿಕ್ಕಸ್ವಾಮಿ ಅವನ ಮುಖವನ್ನೇ ನೋಡುತ್ತಿದ್ದ.

ಆಚಾರಿ ತಾಳಿಯನ್ನು ಬಟ್ಟೆಯಲ್ಲಿ ಒರೆಸಿ ಡಬ್ಬಿಯಲ್ಲಿಟ್ಟು ಮುಚ್ಚಿದ.

“ಚೊಕ್ಕ ಐತೆ. ಧೈರ್ಯವಾಗಿ ಕಟ್ಸು.”

“ನೀನು ಹೇಳಿದ್ ಮ್ಯಾಲೆ ಮುಗೀತು ಬುಡು! ಸೀಲು ಗೀಲು ಎಲ್ಲ ಆಮ್ಯಾಕೆ” ಎಂದು ಚಿಕ್ಕಸ್ವಾಮಿ ಗೆಲುವಾಗಿ ಎದ್ದ. ಡಬ್ಬಿಯನ್ನು ಜೇಬಿಗೆ, ಸುರುಳಿಗಳನ್ನು ಚೀಲಕ್ಕೆ ಹಾಕಿಕೊಂಡು, ಮದುವೆಗೆ ಮನೆಮಂದಿಯೆಲ್ಲ ಬರಬೇಕೆಂದು ಎರಡು ಸಲ ಹೇಳಿ ಮೆಟ್ಟಿಲಿಳಿದ.

ಪರೀಕ್ಷೆಗೆ ಕಟ್ಟಿದ ಹಳದಿ ನೂಲಿನ ತುಂಡನ್ನು ಬಿಚ್ಚಲು ಇಬ್ಬರೂ ಮರೆತಿದ್ದರು. ಮೂರು ತಲೆಮಾರಿನ ತಾಳಿಗಳನ್ನು ಬಡಿದ ಅಡಿಗಲ್ಲು ಅತ್ತ ದಿಮ್ಮಿಗೂ ಸೇರದೆ, ಇತ್ತ ನೆಲಕ್ಕೂ ತಾಗದೆ ಸಣ್ಣಗೆ ತೂಗಾಡುತ್ತಿತ್ತು. ಆಚಾರಿ ಅದನ್ನೇ ನೋಡುತ್ತಾ ಕೂತ. ನೂಲು ನಿಜಕ್ಕೂ ಗಟ್ಟಿಯಾಗಿತ್ತು.