ಬಾಗಿಲವರೆಗೆ ಮೌನ

ರೋಗ ಪತ್ತೆಯೂ ಔಷಧಿಯೂ ಯಂತ್ರಗಳ ಪಾಲಾದ ಮೇಲೆ ವೈದ್ಯರ ಪರವಾನಗಿ ಪರೀಕ್ಷೆಯಲ್ಲಿ ಉಳಿದದ್ದು ಒಂದೇ ವಿಷಯ. ರೋಗಿ ಎಲ್ಲ ಹೇಳಿ ಬಾಗಿಲು ದಾಟಿ ಹೋಗುವವರೆಗೆ ಬಾಯಿ ಬಿಡದೆ ಕೇಳಿಸಿಕೊಳ್ಳಬೇಕು. "ಎಷ್ಟು ದಿನದಿಂದ?" ಎಂದು ನಡುವೆ ಕೇಳಿ ನಾಗವೇಣಿ ಎರಡು ಸಲ ಫೇಲಾಗಿದ್ದಳು. ಇದು ಕೊನೆಯ ಅವಕಾಶ.

ಪ್ರತಿವರ್ಷ ಪರೀಕ್ಷೆಗೆ ರೋಗಿಯಾಗಿ ಬರುವ ತಿಪ್ಪಮ್ಮ ಮೊಣಕಾಲು, ಸೊಸೆಯ ಸಾರು, ಕಳೆದ ಚಪ್ಪಲಿ ಎಲ್ಲವನ್ನೂ ಎರಡು ತಾಸು ಹೇಳಿ ಎದ್ದರು. ಬಾಗಿಲಲ್ಲಿ ನಿಂತರು.

"ಅಂದಂಗೆ ಡಾಕ್ಟ್ರಮ್ಮ, ಮೆಟ್ಲು ಹತ್ತಿದ್ರೆ ಎದೆ ಹಿಡದಂಗಾಗ್ತೈತಿ."

ನಾಗವೇಣಿಗೆ ತಡೆಯಲಾಗಲಿಲ್ಲ. "ಎಷ್ಟು ದಿನದಿಂದ?"

ಪರೀಕ್ಷಕರು ಕೆಂಪು ಪೆನ್ನು ಎತ್ತಿಕೊಂಡರು.

"ಮೂರು ವರ್ಷ ಆತು. ನಾನು ಈ ಬಾಗಿಲತನಕ ಬರೋದ್ರಾಗೆ ಎಲ್ರೂ ಫೇಲಾಗಿ ಎದ್ದು ಹೋಗಿರ್ತಿದ್ರು. ಯಾರಿಗೆ ಹೇಳ್ಲಿ?"

ಪರೀಕ್ಷಕರು ಕೆಂಪು ಪೆನ್ನು ಕೆಳಗಿಟ್ಟು, ಪಾಸು ಬರೆಯುವ ಹಸಿರು ಪೆನ್ನಿಗಾಗಿ ಮೇಜಿನ ಖಾನೆಗಳನ್ನೆಲ್ಲ ತಡಕಾಡತೊಡಗಿದರು.