ಕೊನೆಯ ಕಾಗದ

ನನಗೆ ಅರಳುಮರಳು ಅನ್ನೋರೆಲ್ಲ ಬಾಯಿ ಮುಚ್ಕೊಂಡು ಕೇಳಿ, ಇದು ವನಮಾಲಾನೇ ನನಗೆ ಹೇಳಿದ್ದು, ಇದ್ರಲ್ಲಿ ಒಂದಕ್ಷರ ಮರೆತಿಲ್ಲ.

ವನಮಾಲಾ ಆರು ವರ್ಷದಿಂದ ಬರೆಯುತ್ತಿದ್ದ ದಪ್ಪ ಕಾದಂಬರಿಗೆ ಅವಳ ಸೋದರತ್ತೆಯೇ ನಾಯಕಿ. ಬರ್ಮಾ ಯುದ್ಧಕ್ಕೆ ಹೋದ ಗಂಡ ಬಂದೇ ಬರುತ್ತಾನೆಂದು ನಲವತ್ತು ವರ್ಷ ಕುಂಕುಮ ಇಟ್ಟುಕೊಂಡೇ ಕಾದ ಹೆಂಗಸು. ಕಾದಂಬರಿ ಮುಗಿಸಲು ಅವನ ಕೊನೆಯ ಕಾಗದವೊಂದು ಬೇಕಿತ್ತು. ಅತ್ತೆಯ ಪೆಟ್ಟಿಗೆಯಲ್ಲಿ ಹದಿನೇಳು ಸಿಕ್ಕವು.

"ಇದೇ ಕೊನೇದಾ ಅತ್ತೆ?"

"ಅಲ್ಲ ಕಣೇ. ಆಮೇಲೊಂದು ಮಿಲಿಟರಿಯವರಿಂದ ಬಂತು. ಓದಿ ಹರಿದು ಹಾಕ್ದೆ."

"ಅಯ್ಯೋ, ಯಾಕೆ?"

ಅತ್ತೆ ಬತ್ತಿ ಹೊಸೆಯುತ್ತಲೇ ಇದ್ದರು. "ಸಾವಿನ ಕಾಗದ ಯಾರಾದ್ರೂ ಮನೇಲಿ ಇಟ್ಕೋತಾರೇನೇ?"

ವನಮಾಲಾ ಅವರ ಹಣೆಯನ್ನೇ ನೋಡಿದಳು. "ಯಾರಿಗೂ ಹೇಳ್ಲಿಲ್ವಾ?"

"ಹೇಳಿದ್ರೆ ತಲೆ ಬೋಳಿಸ್ತಿದ್ರು. ಈಗ ಬರ್ಕೋ, ನಾಕು ಜನಕ್ಕೆ ಹೇಳು."