ಎಂಬತ್ತು ಪೊಟ್ಟಣ

“ಈ ಐದು ಗ್ರಾಂ ಯಾರ ಹೊಟ್ಟೆಗೆ ಹೋಯ್ತು?”

ಸೂಪರ್‌ವೈಸರ್ ಪೊಟ್ಟಣವನ್ನು ತಕ್ಕಡಿಯ ಮೇಲೆ ಕುಕ್ಕಿದ. ಹನ್ನೊಂದು ವರ್ಷದಿಂದ ದಿನಕ್ಕೆರಡು ಸಲವಾದರೂ ಇದೇ ಪ್ರಶ್ನೆ. ತೂಕ ಹಾಕುವವಳನ್ನು ಕಾರ್ಖಾನೆಯಲ್ಲಿ ಎಲ್ಲರೂ ತಕ್ಕಡಿ ಅಕ್ಕ ಎನ್ನುತ್ತಿದ್ದರು. ಅವಳು ಚಮಚದ ತುದಿಯಿಂದ ಒಣಗಿಸಿದ ಊಟದ ಪುಡಿ ಉದುರಿಸಿದಳು. ಮುಳ್ಳು ನೆಟ್ಟಗಾಯಿತು.

“ಇವತ್ತು ಸಭೇಲಿ ಪ್ರಶ್ನೆ ಕೇಳೋಳು ನೀನೇ. ಬಾಯಿಪಾಠ ಮಾಡ್ಕೋ.” ಚೀಟಿ ಕೊಟ್ಟು ಹೋದ. ‘ಸಾರ್, ನಮ್ಮಂಥವರಿಗೆ ನಿಮ್ಮ ಕಿವಿಮಾತೇನು?’

ಸೀಲು ಹೊಡೆಯುವವಳು ಇಣುಕಿ ಓದಿ ಮೂಗು ಮುರಿದಳು. “ನಮ್ಮ ಪ್ರಶ್ನೇನೂ ಅವರೇ ಬರ್ಕೊಡ್ತಾರೆ. ಆಕಳಿಸೋಕೂ ಒಂದು ಚೀಟಿ ಕೊಟ್ರೆ ಮುಗೀತು.”

ನಗು ಬಹಳ ಹೊತ್ತು ಉಳಿಯಲಿಲ್ಲ. ಸಭಾಂಗಣದ ಬಾಗಿಲಲ್ಲಿ ಮೇಜು ಹಾಕಿ ಹಾಳೆ ಇಟ್ಟಿದ್ದರು. ಊಟದ ಬಿಡುವನ್ನು ಅರ್ಧ ಗಂಟೆಯಿಂದ ಕಾಲು ಗಂಟೆಗೆ ಇಳಿಸಲು ಕೆಲಸಗಾರರು ‘ಸ್ವಂತ ಇಚ್ಛೆಯಿಂದ’ ಒಪ್ಪಿದ್ದಾರಂತೆ. ಭಾಷಣ ಮುಗಿದ ಮೇಲೆ ಎಲ್ಲರೂ ಸಾಲಾಗಿ ಬಂದು ರುಜು ಹಾಕಬೇಕು. ಕಾಲು ಗಂಟೆಯಲ್ಲಿ ಕೈ ತೊಳೆದು ಡಬ್ಬಿ ಬಿಚ್ಚುವಷ್ಟರಲ್ಲಿ ಗಂಟೆ ಹೊಡೆಯುತ್ತದೆ. ಅರ್ಧ ಗಂಟೆ ಇದ್ದಾಗಲೇ ಹೋದ ತಿಂಗಳು ಒಣಗಿಸುವ ಒಲೆಯ ಮುಂದೆ ಇಬ್ಬರು ತಲೆ ಸುತ್ತಿ ಬಿದ್ದಿದ್ದರು.

ಹನ್ನೊಂದಕ್ಕೆ, ಭಾಷಣಕ್ಕೆಂದು ಕರೆಸಿದ್ದ ಓಟಗಾರ ಬಂದ. ಒಂದು ಕಾಲಕ್ಕೆ ಪದಕಗಳ ಸರದಾರ. ಮೊಣಕಾಲು ಕೈಕೊಟ್ಟ ಮೇಲೆ ಟ್ರ್ಯಾಕ್ ಬಿಟ್ಟು ಹಿಮದ ಬಯಲು ದಾಟಲು ಹೊರಟವನು. ಇದೇ ಕಾರ್ಖಾನೆ ಅವನಿಗೆ ಊಟದ ಪೊಟ್ಟಣ ಕಟ್ಟಿಕೊಟ್ಟಿತ್ತು. ತಿರುಗಿ ಬಂದಾಗಿನಿಂದ ಅವನಿಗೆ ಓಟವೂ ಇಲ್ಲ, ಹಿಮವೂ ಇಲ್ಲ. ಕಾರ್ಖಾನೆಯಿಂದ ಕಾರ್ಖಾನೆಗೆ ಅದೇ ಭಾಷಣ. ಎಡಗೈಯ ಎರಡು ಬೆರಳುಗಳನ್ನು ಹಿಮ ತಿಂದಿತ್ತು.

ತೂಕದ ಕೋಣೆಯ ಹೊರಗೆ ಗಾಜಿನ ಪೆಟ್ಟಿಗೆ ಕಂಡು ಅವನು ನಿಂತ. ಒಳಗೆ ಸಾಲುಸಾಲಾಗಿ ಅಂಟಿಸಿದ ಖಾಲಿ ಕವರುಗಳು. ಹಿಮದ ಮೇಲೆ ಕಸ ಬಿಡಬಾರದೆಂಬುದು ಕಟ್ಟಳೆ. ಒಯ್ದದ್ದೆಲ್ಲ ವಾಪಸು ಬಂದಿತ್ತು.

“ಎಲ್ಲಾನೂ ಇಟ್ಟಿದೀರಾ?”

“ಒಂದೂ ಬಿಟ್ಟಿಲ್ಲ ಸಾರ್. ಎಂಬತ್ತೂ ನಾನೇ ತೊಳೆದು ಅಂಟಿಸಿದ್ದು.”

“ಅಷ್ಟೊಂದ್ಯಾಕಮ್ಮ? ನಾಲ್ಕೈದು ಸಾಕಿತ್ತು.” ಎಂಥ ದೊಡ್ಡ ಮನುಷ್ಯ, ಎಷ್ಟು ಸಂಕೋಚ ಎಂದುಕೊಂಡಳು ತಕ್ಕಡಿ ಅಕ್ಕ.

ಸಭಾಂಗಣದ ಮುಂದಿನ ಸಾಲಿನಲ್ಲಿ ಒಬ್ಬ ಮುದುಕಿಯನ್ನು ಕೂರಿಸಿದ್ದರು. ಓಟಗಾರನ ಜೊತೆ ಸಾಮಾನಿನ ಜಾರುಬಂಡಿ ಎಳೆಯಲು ಕೂಲಿಗೆ ಹೋಗಿ ಹಿಮದಲ್ಲೇ ಉಳಿದವನ ತಾಯಿ. ತಕ್ಕಡಿ ಅಕ್ಕ ನೀರು ಕೊಟ್ಟಾಗ ಅವಳು ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

“ಇಪ್ಪತ್ತೇ ದಿನಕ್ಕೆ ಹೋಗ್ಬಿಟ್ಟ ನನ್ನ ಮಗ. ಆದ್ರೂ ಹೊಟ್ಟೆ ತುಂಬ ಉಂಡು, ಮಲಗಿದ್ದಲ್ಲೇ ಹೋದ್ನಂತೆ ಕಣಮ್ಮ. ಅದೊಂದೇ ಸಮಾಧಾನ.”

ವೇದಿಕೆಯ ಹಿಂದೆ ಗೋಡೆಯಗಲದ ಚಿತ್ರ. ಬಿಳಿ ಬಯಲು, ಬೆನ್ನು ಬಾಗಿಸಿ ಬಂಡಿ ಎಳೆಯುತ್ತ ದೂರ ಹೋಗುತ್ತಿರುವ ಓಟಗಾರ. ಮೂಲೆಯಲ್ಲಿ ‘ಐವತ್ತೊಂದನೆಯ ದಿನ’. ಮೇಲೆ ದಪ್ಪಕ್ಷರ: ‘ನಲವತ್ತು ದಿನ. ಒಬ್ಬನೇ.’

“ಹಿಂದಿನಿಂದ ನೋಡಿದ್ರೆ ನಮ್ಮ ಗೋಡೌನ್ ಹಮಾಲಿ ಥರಾನೇ ಇದಾನೆ ಕಣೇ,” ಎಂದಳು ಸೀಲು ಹೊಡೆಯುವವಳು.

ಓಟಗಾರ ಮೈಕು ಹಿಡಿದ. ನಲವತ್ತು ದಿನದ ದಾರಿಯೆಂದು ಇಬ್ಬರಿಗೂ ಸೇರಿ ಎಂಬತ್ತು ಪೊಟ್ಟಣ ಒಯ್ದಿದ್ದರು. ತಲೆಗೆ ದಿನಕ್ಕೊಂದು. ಇಪ್ಪತ್ತನೆಯ ದಿನ ಜೊತೆಗಾರ ನಿದ್ದೆಯಲ್ಲೇ ತೀರಿಕೊಂಡ. ಬಿರುಗಾಳಿ ಎದ್ದು ಉಳಿದ ದಾರಿ ದುಪ್ಪಟ್ಟಾಯಿತು. “ಮುಂದೆ ನಲವತ್ತು ದಿನ, ದಿನಕ್ಕೆ ಅರ್ಧ ಪೊಟ್ಟಣ. ಬಿಡುವಿಲ್ಲ, ಗೊಣಗಾಟವಿಲ್ಲ. ಕೊನೇ ದಿನ ಕೊನೇ ಕವರಿನ ತಳ ನೆಕ್ಕಿದೆ. ಅರ್ಧ ಹೊಟ್ಟೇಲೂ ಮನುಷ್ಯ ದುಡೀಬಲ್ಲ!”

ಪರದೆಯ ಮೇಲೆ ಮತ್ತೊಂದು ಚಿತ್ರ: ಎಲುಬಿನ ಹಂದರವಾಗಿದ್ದ ಅವನು, ಪಕ್ಕದಲ್ಲಿ ವೈದ್ಯರ ವರದಿ. ನಲವತ್ತು ದಿನ ಅರ್ಧ ಊಟದಲ್ಲಿ ಬದುಕಿದ ದೇಹ ಎಂದು ಅದರಲ್ಲಿತ್ತು. ಸೀಲು ಹೊಡೆಯುವವಳೂ ಕಣ್ಣೊರೆಸಿಕೊಂಡಳು.

“ಅವರು ಅರ್ಧ ಹೊಟ್ಟೇಲಿ ಹಿಮ ದಾಟಿದ್ರು,” ಎಂದ ಮ್ಯಾನೇಜರ್. “ನಮಗೆ ಕಾಲು ಗಂಟೆ ಸಾಲ್ದಾ?”

ಹಿಂದಿನ ಸಾಲಿನಲ್ಲಿ ಆಗಲೇ ನಾಲ್ಕು ಜನ ಎದ್ದು ರುಜುವಿನ ಮೇಜಿನತ್ತ ನಡೆದಿದ್ದರು.

ತಕ್ಕಡಿ ಅಕ್ಕ ಎದ್ದು ನಿಂತಳು. ಚೀಟಿ ಕೈಬೆವರಿಗೆ ನೆನೆದು ಮುದ್ದೆಯಾಗಿತ್ತು. ಹನ್ನೊಂದು ವರ್ಷ ಐದೈದು ಗ್ರಾಮಿಗೆ ಬೈಸಿಕೊಂಡ ತಲೆ. ಲೆಕ್ಕ ತಾನಾಗಿಯೇ ನಡೆದಿತ್ತು. ಮುಳ್ಳು ಮಾತ್ರ ನೆಟ್ಟಗೆ ನಿಲ್ಲಲೊಲ್ಲದು.

“ಸಾರ್, ಮೊದಲ ಇಪ್ಪತ್ತು ದಿನ ಇಬ್ರಿಂದ ನಲವತ್ತು ಪೊಟ್ಟಣ ಖರ್ಚಾಯ್ತು. ಸರಿನಾ?”

“ಸರಿ.”

“ಆಮೇಲೆ ನೀವೊಬ್ರೇ, ದಿನಕ್ಕೆ ಅರ್ಧ. ನಲವತ್ತು ದಿನಕ್ಕೆ ಇಪ್ಪತ್ತು. ಒಟ್ಟು ಅರವತ್ತು.”

“ನೋಡಿ, ನಮ್ಮ ಕೆಲಸಗಾರರು ಎಷ್ಟು ಚುರುಕು!” ಮ್ಯಾನೇಜರ್ ನಕ್ಕ. ಓಟಗಾರ ನಗಲಿಲ್ಲ. ಮೈಕನ್ನು ಇನ್ನೊಂದು ಕೈಗೆ ಬದಲಾಯಿಸಿದ.

ಅವಳು ಮುಂದಿನ ಸಾಲಿನ ನರೆತ ತಲೆಯನ್ನು ಒಮ್ಮೆ ನೋಡಿದಳು. ಹೇಳದೆ ಕೂತುಬಿಡಲೇ ಅನ್ನಿಸಿತು. ಬಾಗಿಲ ಬಳಿ ಯಾರೋ ಪೆನ್ನಿನ ಮುಚ್ಚಳ ತೆಗೆದ ಸದ್ದಾಯಿತು.

“ನಿಮ್ಮ ಪಕ್ಕೆಲುಬು ಸುಳ್ಳು ಹೇಳಲ್ಲ ಸಾರ್, ನೀವು ಅರ್ಧಾನೇ ತಿಂದಿದೀರಿ. ಆದ್ರೆ ಎಂಬತ್ತು ಕವರೂ ಖಾಲಿ. ಆ ನಲವತ್ತು ದಿನ, ದಿನಾ ಇನ್ನರ್ಧ ಯಾರ ಹೊಟ್ಟೆಗೆ ಹೋಯ್ತು?”